ಹವಳ ಮತ್ತು ಕಡಲಹೂಗಳ ವರ್ಗೀಕರಣ: ಒಂದು ಚಾರಿತ್ರಿಕ ವಿವೇಚನೆ

೧

ಸಕಲೇಶಪುರದಿಂದ ಪಡುವಣಕ್ಕೆ ಸಾಗುವ ಹೆದ್ದಾರಿ ಶಿರಾಡಿ ಘಟ್ಟವನ್ನು ಇಳಿಯಲು ತೊಡಗುವ ಎಡೆಯಲ್ಲಿ ದೋಣಿಗಲ್ ಎಂಬ ಗ್ರಾಮವಿದೆ. ಮಳೆಯ ನೀರು ಎರಡು ಕಡಲುಗಳಿಗೆ ಪಾಲಾಗುವ ಸೀಮೆ ಅದು. ಮೂಡಣದ ಇಳಿಜಾರಿನ ನೀರು ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ ಇಳಿದ ನೀರು ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿಗಳ ಮಾರ್ಗವಾಗಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಕಾಫಿ ಏಲಕ್ಕಿಗಳ ಈ ಗುಡ್ಡಗಾಡಿಗೂ ಕಡಲಿನ ತಳದ ಹವಳಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಎರಡು ಬಗೆಯದು. ಘಟ್ಟದ ಮೇಲಿನ ಹಳ್ಳಿಗಳಲ್ಲಿಯೂ ಹೆಂಗಸರ ಕರಿಮಣಿಯ ಸರದಲ್ಲಿ ಹವಳದ ಮಣಿಗಳನ್ನು ಪೋಣಿಸುವ ವಾಡಿಕೆ ಅನೇಕ ಮನೆತನಗಳಲ್ಲಿ ಉಂಟು, ಇದು ಮೊದಲನೆಯದು. ಘಟ್ಟದಿಂದ ಇಳಿಯುವ ಸಿಹಿನೀರು ಮತ್ತು ಮಣ್ಣು, ಕನ್ನಡ ಕರಾವಳಿಯಲ್ಲಿ ಹವಳವು ಎಲ್ಲಿ ಬದುಕಬಹುದು, ಎಲ್ಲಿ ಬದುಕಲಾರದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ, ಇದು ಎರಡನೆಯದು.

ಚರಿತ್ರೆಯ ಅಧ್ಯಾಪಕನು ಪ್ರಾಣಿಶಾಸ್ತ್ರದ ವಿಷಯವನ್ನೆತ್ತಿಕೊಳ್ಳುವುದಕ್ಕೆ ಕಾರಣವನ್ನೂ ಇಲ್ಲಿಯೇ ಹೇಳಬೇಕು. ವರ್ಗೀಕರಣವೆಂದರೆ ಹೆಸರುಗಳ ಪಟ್ಟಿಯೆಂದೂ, ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯತಕ್ಕದ್ದೆಂದೂ ನಮ್ಮ ವಿದ್ಯಾರ್ಥಿಗಳು ಭಾವಿಸಿರುವುದುಂಟು. ಆದರೆ ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ವಾದ, ಒಂದು ಸಾಕ್ಷ್ಯ, ಹಲವು ವೇಳೆ ಒಂದು ಶತಮಾನದ ತಪ್ಪು ಅಡಗಿರುತ್ತದೆ. ಹವಳವು ಕಲ್ಲೆಂದು ಎಣಿಸಲ್ಪಟ್ಟು, ಗಿಡವೆಂದು ಎಣಿಸಲ್ಪಟ್ಟು, ಕೊನೆಗೆ ಪ್ರಾಣಿಯೆಂದು ನಿರ್ಣಯವಾದ ಕಥೆ ಇದಕ್ಕೆ ಉತ್ತಮ ನಿದರ್ಶನ. ಆ ನಿರ್ಣಯಕ್ಕೆ ಕೀಲಿಕೈಯಾದುದು ಬಂಡೆಗೆ ಅಂಟಿಕೊಂಡು ಬದುಕುವ, ಎಲುಬೂ ಚಿಪ್ಪೂ ಇಲ್ಲದ ಕಡಲಹೂ, ಅಂದರೆ ಸೀ ಅನಿಮೋನ್ ಎಂಬ ಜೀವಿ.

೨

ಮೊದಲು ಶಬ್ದವನ್ನೇ ನೋಡೋಣ. ಹೊಸಗನ್ನಡದ 'ಹವಳ' ಹಳಗನ್ನಡದಲ್ಲಿ 'ಪವಳ'. ತಮಿಳಿನ 'ಪವಳಂ', ತೆಲುಗಿನ 'ಪಗಡಮು' ಇದರ ಬಳಗದವು. ಸಂಸ್ಕೃತದ 'ಪ್ರವಾಲ'ಕ್ಕೂ ಇದಕ್ಕೂ ನಂಟುಂಟು. ಪ್ರವಾಲವೆಂದರೆ ಹವಳವೂ ಹೌದು, ಎಳೆಯ ಚಿಗುರೂ ಹೌದು. ಹವಳಕ್ಕಿರುವ ಇನ್ನೊಂದು ಹೆಸರಾದ 'ವಿದ್ರುಮ'ದಲ್ಲಿ ಮರವೆಂಬ ಅರ್ಥದ 'ದ್ರುಮ' ಶಬ್ದವು ಎದ್ದು ಕಾಣುತ್ತದೆ. ಕೆಂಬಣ್ಣದ ಕವಲೊಡೆದ ಕೊಂಬೆಯನ್ನು ಕಂಡವರು ಅದನ್ನು ಕಡಲಿನ ಗಿಡವೆಂದು ಬಗೆದುದು ಸಹಜ. ಅದೇ ವೇಳೆಗೆ ನಮ್ಮವರು ಅದನ್ನು ನವರತ್ನಗಳಲ್ಲಿ ಸೇರಿಸಿ, ಮಂಗಳ ಗ್ರಹಕ್ಕೆ ಒಪ್ಪಿಸಿ, ಕಲ್ಲುಗಳ ಸಾಲಿನಲ್ಲಿಯೂ ಕೂರಿಸಿದರು. ಗಿಡದ ಹೆಸರು, ಕಲ್ಲಿನ ಪದವಿ: ಹವಳದ ಸಂದಿಗ್ಧವೆಲ್ಲ ನಮ್ಮ ಮಾತಿನಲ್ಲಿಯೇ ಮನೆಮಾಡಿಕೊಂಡಿದೆ.

ನಮ್ಮ ಆಭರಣದ ಕೆಂಪು ಹವಳವು ನಮ್ಮ ಕಡಲಿನದಲ್ಲವೆಂಬುದನ್ನು ಗಮನಿಸಬೇಕು. ಅದರ ತವರು ಮೆಡಿಟರೇನಿಯನ್ ಸಮುದ್ರ. ಕೌಟಿಲ್ಯನ ಅರ್ಥಶಾಸ್ತ್ರವು ಹವಳವನ್ನು ಹೊರಗಿನಿಂದ ಬರುವ ಸರಕಾಗಿ ಗುರುತಿಸುತ್ತದೆ. ಕ್ರಿ. ಶ. ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥವಾದ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್' ಭರುಕಚ್ಛ, ಮುಜಿರಿಸ್ ಮೊದಲಾದ ಬಂದರುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನು ಹೆಸರಿಸುತ್ತದೆ. ರೋಮನರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುವರೋ ಭಾರತೀಯರು ಹವಳಕ್ಕೆ ಅಷ್ಟೇ ಬೆಲೆ ಕೊಡುವರೆಂಬ ಅಭಿಪ್ರಾಯವು ಅದೇ ಶತಮಾನದ ಪ್ಲಿನಿಯ ಬರಹದಲ್ಲಿದೆ. ಈ ವ್ಯಾಪಾರವು ನೂರಾರು ವರ್ಷ ನಡೆಯಿತು. ೧೮ನೆಯ ಶತಮಾನದಲ್ಲಿ ಇಟಲಿಯ ಲಿವೋರ್ನೋ ನಗರದ ಯೆಹೂದಿ ವರ್ತಕರು ಹವಳವನ್ನು ಗೋವೆಯ ಸಾರಸ್ವತ ವರ್ತಕರಿಗೆ ಕಳುಹಿಸಿ, ಪ್ರತಿಯಾಗಿ ವಜ್ರವನ್ನು ತರಿಸಿಕೊಳ್ಳುತ್ತಿದ್ದರು. ಧರ್ಮ, ಭಾಷೆ, ದೇಶ ಯಾವುದರಲ್ಲಿಯೂ ಒಂದಾಗದ ಜನರನ್ನು ಹವಳವು ಒಂದು ಲೆಕ್ಕದ ಪುಸ್ತಕದಲ್ಲಿ ಕೂಡಿಸಿತು. ಎರಡು ಸಾವಿರ ವರ್ಷ ಹೀಗೆ ಕೊಂಡು ಮಾರಿದ ವಸ್ತು ಯಾವ ಜಾತಿಯದೆಂಬುದು ಮಾತ್ರ ಕೊಂಡವರಿಗೂ ತಿಳಿದಿರಲಿಲ್ಲ, ಮಾರಿದವರಿಗೂ ತಿಳಿದಿರಲಿಲ್ಲ.

೩

ಅರಿಸ್ಟಾಟಲನು ಕಡಲಹೂವನ್ನು ಚೆನ್ನಾಗಿ ಬಲ್ಲವನಾಗಿದ್ದನು. ಅದು ಬಂಡೆಗೆ ಅಂಟಿಕೊಳ್ಳುವುದನ್ನೂ, ತಾಗಿದ ಬೇಟೆಯನ್ನು ಹಿಡಿದು ತಿನ್ನುವುದನ್ನೂ ಅವನು ಬರೆದಿದ್ದಾನೆ. ಅದಕ್ಕೆ ಅವನು ಬಳಸಿದ ಒಂದು ಹೆಸರು 'ನೈಡೆ', ಅಂದರೆ ತುರುಚಿ ಗಿಡ. ಮಲೆನಾಡಿನ ಕಾಡುದಾರಿಯಲ್ಲಿ ಆ ಗಿಡ ತಾಗಿಸಿಕೊಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅವನ ಶಿಷ್ಯನಾದ ಥಿಯೋಫ್ರಾಸ್ಟಸನಾದರೋ ಕೆಂಪು ಹವಳವನ್ನು ಕಲ್ಲುಗಳ ಕುರಿತ ತನ್ನ ಗ್ರಂಥದಲ್ಲಿ ಸೇರಿಸಿದನು. ಗುರುವು ಪ್ರಾಣಿಗಳ ಪುಸ್ತಕದಲ್ಲಿಟ್ಟ ಜೀವಿಗೂ ಶಿಷ್ಯನು ಕಲ್ಲುಗಳ ಪುಸ್ತಕದಲ್ಲಿಟ್ಟ ವಸ್ತುವಿಗೂ ರಕ್ತಸಂಬಂಧವಿದೆಯೆಂದು ತಿಳಿಯಲು ಎರಡು ಸಾವಿರ ವರ್ಷಗಳು ಬೇಕಾದುವು.

೧೭೦೬ರಲ್ಲಿ ಇಟಲಿಯ ಕೌಂಟ್ ಮಾರ್ಸಿಲಿ ಎಂಬಾತನು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಆಗತಾನೆ ಎತ್ತಿದ ಹವಳದ ಕೊಂಬೆಯನ್ನು ಕಡಲನೀರಿನ ಪಾತ್ರೆಯಲ್ಲಿಟ್ಟನು. ಕೊಂಬೆಯ ಮೈಯಿಂದ ಎಂಟೆಂಟು ಎಸಳಿನ ಬಿಳಿಯ 'ಹೂ'ಗಳು ಅರಳಿದುವು, ಮುಟ್ಟಿದರೆ ಮುಚ್ಚಿಕೊಂಡವು. ಹವಳವು ಗಿಡವೆಂಬುದಕ್ಕೆ ಇದೇ ಸಾಕ್ಷಿಯೆಂದು ಅವನು ಸಾರಿದನು; ವಿದ್ವತ್ ಪ್ರಪಂಚವು ಒಪ್ಪಿತು. ೧೭೨೩ರಿಂದ ಮುಂದೆ ಮಾರ್ಸೇಲ್ಸಿನ ವೈದ್ಯನಾದ ಪೆಯ್ಸೊನೆಲ್ ಇದೇ ಹೂಗಳನ್ನು ಅಲ್ಲಿಯೂ ಉತ್ತರ ಆಫ್ರಿಕದ ತೀರದಲ್ಲಿಯೂ ಪರೀಕ್ಷಿಸಿದನು. ಅವನಿಗೆ ಕಂಡುದು ಮಾರ್ಸಿಲಿಗೆ ಕಂಡುದೇ. ಆದರೆ ಅವನು ಇವುಗಳನ್ನು ಗಿಡದ ಹೂವಿಗೆ ಹೋಲಿಸದೆ ಬಂಡೆಯ ಮೇಲಿನ ಕಡಲಹೂವಿಗೆ ಹೋಲಿಸಿದನು. ಎಸಳುಗಳೆಂದವು ಕೈಗಳು, ಹೂವೆಂಬುದು ಒಂದು ಪುಟ್ಟ ಪ್ರಾಣಿ, ಕಲ್ಲೆಂಬುದು ಆ ಪ್ರಾಣಿಗಳ ಸಮೂಹವು ಕಟ್ಟಿಕೊಂಡ ಆಸರೆ ಎಂದು ಅವನು ತೀರ್ಮಾನಿಸಿದನು.

ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಈ ಅಭಿಪ್ರಾಯವನ್ನು ೧೭೨೭ರಲ್ಲಿ ಮಂಡಿಸಿದ ರೆಯೋಮ್ಯೂರ್ ಮಹಾಶಯನು, ಇಂಥ ಅಸಂಬದ್ಧವನ್ನು ಹೇಳಿದವನ ಮಾನ ಉಳಿಯಲೆಂದು ಪೆಯ್ಸೊನೆಲನ ಹೆಸರನ್ನೇ ಮುಚ್ಚಿಟ್ಟನು. ೧೭೪೦ರಲ್ಲಿ ಟ್ರೆಂಬ್ಲೆ ಎಂಬಾತನು ಸಿಹಿನೀರಿನ ಹೈಡ್ರಾವನ್ನು ಕತ್ತರಿಸಿ, ಪ್ರತಿಯೊಂದು ತುಂಡೂ ಮತ್ತೆ ಇಡಿಯಾಗಿ ಬೆಳೆಯುವುದನ್ನು ಕಂಡನು. ಗಿಡದಂತೆ ಚಿಗುರುವ ಪ್ರಾಣಿಯೂ ಇರಬಹುದೆಂಬುದು ಆಗ ಸ್ಥಿರಪಟ್ಟಿತು. ೧೭೪೨ರ ವೇಳೆಗೆ ರೆಯೋಮ್ಯೂರನೂ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು. ಅಷ್ಟರಲ್ಲಿ ಪೆಯ್ಸೊನೆಲನು ದೂರದ ಗ್ವಾಡಲೂಪ್ ದ್ವೀಪದಲ್ಲಿ ವೈದ್ಯನಾಗಿ ನೆಲೆಸಿದ್ದನು.

ಚರಿತ್ರೆಯ ವಿದ್ಯಾರ್ಥಿಗೆ ಈ ಪ್ರಸಂಗದಲ್ಲಿ ದೊಡ್ಡ ಪಾಠವಿದೆ. ಮಾರ್ಸಿಲಿಯು ಸುಳ್ಳು ಸಾಕ್ಷಿ ಹೇಳಿದವನಲ್ಲ. ಅವನು ಕಂಡುದೆಲ್ಲ ನಿಜ. ಸಾಕ್ಷ್ಯವು ಒಂದೇ ಆಗಿದ್ದರೂ ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡುತ್ತೇವೆಂಬುದರ ಮೇಲೆ ತೀರ್ಪು ಬದಲಾಯಿತು. ವರ್ಗೀಕರಣವೆಂದರೆ ಮೂಲತಃ ಇದೇ: ಒಂದು ವಸ್ತುವನ್ನು ಅದರ ನಿಜವಾದ ನೆರೆಯಲ್ಲಿ ಕೂರಿಸುವುದು.

೪

ಅಂದಿನಿಂದ ಇಂದಿನವರೆಗಿನ ಹಾದಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೭೫೮ರಲ್ಲಿ ಲಿನೀಯಸನು ಹವಳಗಳನ್ನು ಹುಳುಗಳ ವರ್ಗದಲ್ಲಿ 'ಶಿಲಾಸಸ್ಯ', 'ಪ್ರಾಣಿಸಸ್ಯ' ಎಂಬ ಅರ್ಥದ ಹೆಸರುಗಳ ಕೆಳಗೆ ಇಟ್ಟನು. ಗಿಡದ ನೆನಪು ಇನ್ನೂ ಹೋಗಿರಲಿಲ್ಲ. ೧೮೩೪ರಲ್ಲಿ ಏರೆನ್‌ಬರ್ಗನು ಕಡಲಹೂ ಹವಳಗಳೆರಡನ್ನೂ 'ಆಂತೊಜೋವ', ಅಂದರೆ ಪುಷ್ಪಪ್ರಾಣಿಗಳು, ಎಂಬ ಒಂದೇ ಹೆಸರಿನಲ್ಲಿ ಕೂಡಿಸಿದನು. ೧೮೮೮ರಲ್ಲಿ ಹ್ಯಾಟ್‌ಷೆಕನು ಅಂಬಲಿಮೀನು, ಹೈಡ್ರಾ, ಪುಷ್ಪಪ್ರಾಣಿಗಳನ್ನೊಳಗೊಂಡ ವಂಶಕ್ಕೆ 'ನಿಡೇರಿಯ' ಎಂಬ ಹೆಸರನ್ನಿತ್ತನು. ಅರಿಸ್ಟಾಟಲನ ತುರುಚಿ ಗಿಡವೇ ಇಲ್ಲಿ ವಂಶದ ಹೆಸರಾಗಿ ಮರಳಿತು. ಈ ವಂಶದ ಪ್ರಾಣಿಗಳೆಲ್ಲಕ್ಕೂ ಸಮಾನವಾದ ಲಕ್ಷಣ ಕುಟುಕುಕಣ. ಸುರುಳಿ ಸುತ್ತಿದ ಸೂಕ್ಷ್ಮ ನಳಿಕೆಯೊಂದು ಈ ಕಣದ ಒಳಗಿದ್ದು, ಬೇಟೆ ತಾಗಿದೊಡನೆ ಹೊರಕ್ಕೆ ಚಿಮ್ಮಿ ವಿಷವನ್ನು ಊಡುತ್ತದೆ. ಬೇರೆ ಯಾವ ವಂಶದ ಪ್ರಾಣಿಯೂ ಇದನ್ನು ತಾನಾಗಿ ನಿರ್ಮಿಸಿಕೊಳ್ಳದು.

ಪುಷ್ಪಪ್ರಾಣಿಯ ಒಡಲು ಸರಳವಾದುದು. ಅದು ಒಂದು ಚೀಲ, ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಕರಬಳ್ಳಿಗಳು. ತಿನ್ನುವುದೂ ವಿಸರ್ಜಿಸುವುದೂ ಆ ಒಂದೇ ದ್ವಾರದಿಂದ. ಚೀಲದ ಒಳಗೋಡೆಯಿಂದ ನಡುವಿನೆಡೆಗೆ ಚಾಚಿಕೊಂಡ ತೆಳುವಾದ ಒಳಪರದೆಗಳಿವೆ. ಇಂಥ ಒಂದು ಒಡಲಿಗೆ ಪಾಲಿಪ್ ಎಂದು ಹೆಸರು. ಈ ಕರಬಳ್ಳಿ ಮತ್ತು ಒಳಪರದೆಗಳ ಎಣಿಕೆಯೇ ಮುಖ್ಯ ವಿಭಾಗಕ್ಕೆ ಆಧಾರ.

ಎಂಟು ಕರಬಳ್ಳಿಗಳೂ ಎಂಟು ಒಳಪರದೆಗಳೂ ಉಳ್ಳವು ಅಷ್ಟಕಗಳು, ಶಾಸ್ತ್ರದ ಹೆಸರು ಆಕ್ಟೊಕೊರಾಲಿಯ. ಇವುಗಳ ಕರಬಳ್ಳಿಗೆ ಹಕ್ಕಿಯ ಗರಿಯಂತೆ ಇಕ್ಕೆಲದಲ್ಲಿಯೂ ಎಳೆಗಳಿರುತ್ತವೆ. ಮೆದುಹವಳ, ಕಡಲ ಬೀಸಣಿಗೆ, ಕಡಲ ಲೇಖನಿ ಇವೆಲ್ಲ ಈ ಗುಂಪಿನವು. ಸುಮಾರು ೩,೫೦೦ ಪ್ರಭೇದಗಳು ತಿಳಿದಿವೆ. ಒಳಪರದೆಗಳು ಹೆಚ್ಚಾಗಿ ಆರರ ಮಡಿಕೆಯಲ್ಲಿದ್ದು, ಕರಬಳ್ಳಿಗಳು ಸಾಮಾನ್ಯವಾಗಿ ಕವಲಿಲ್ಲದೆ ನುಣುಪಾಗಿರುವವು ಷಟ್ಕಗಳು, ಅಂದರೆ ಹೆಕ್ಸಕೊರಾಲಿಯ. ಕಡಲಹೂಗಳ ಗಣವಾದ ಆಕ್ಟಿನಿಯೇರಿಯ, ಕಲ್ಲುಹವಳಗಳ ಗಣವಾದ ಸ್ಕ್ಲೆರಾಕ್ಟಿನಿಯ, ಕರಿಹವಳಗಳ ಗಣವಾದ ಆಂಟಿಪಥೇರಿಯ ಮೊದಲಾದವು ಇದರಲ್ಲಿ ಸೇರುತ್ತವೆ. ಕಡಲಹೂಗಳಲ್ಲಿ ಸಾವಿರಕ್ಕೂ ಹೆಚ್ಚು, ಕಲ್ಲುಹವಳಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಪ್ರಭೇದಗಳಿವೆ.

ಈ ವಿಭಾಗದಿಂದ ಫಲಿಸುವ ಸಂಗತಿ ಸಾಮಾನ್ಯ ಬುದ್ಧಿಗೆ ವಿಚಿತ್ರವಾಗಿ ತೋರುವುದು. ಆಭರಣದ ಕೆಂಪು ಹವಳ ಅಷ್ಟಕ. ಮಾರ್ಸಿಲಿ ಕಂಡ ಎಂಟು ಎಸಳುಗಳೇ ಅದಕ್ಕೆ ಸಾಕ್ಷಿ. ಲಕ್ಷದ್ವೀಪದಂಥ ದ್ವೀಪಗಳನ್ನು ಕಟ್ಟಿದ ಕಲ್ಲುಹವಳ ಷಟ್ಕ. ಎರಡೂ ಸುಣ್ಣದವೇ, ಎರಡಕ್ಕೂ ಹವಳವೆಂದೇ ಹೆಸರು. ಹಾಗಿದ್ದರೂ ಕಲ್ಲುಹವಳಕ್ಕೆ ಹತ್ತಿರದ ದಾಯಾದಿ, ಮೈಯಲ್ಲಿ ಒಂದು ಚೂರು ಕಲ್ಲೂ ಇಲ್ಲದ ಕಡಲಹೂ. ಕೆಂಪು ಹವಳವು ದೂರದ ನೆಂಟ. ಇನ್ನು ಮುಟ್ಟಿದರೆ ಉರಿಯುವ 'ಬೆಂಕಿ ಹವಳ'ವು ಪುಷ್ಪಪ್ರಾಣಿಯೇ ಅಲ್ಲ. ಅದು ಹೈಡ್ರಾದ ಬಳಗಕ್ಕೆ ಸೇರಿದುದು. ಆದ್ದರಿಂದ 'ಹವಳ' ಎಂಬುದು ಒಂದು ಕುಲದ ಹೆಸರಲ್ಲ, ಒಂದು ಕಸುಬಿನ ಹೆಸರು. ಬೇರೆ ಬೇರೆ ಮನೆತನದವರು ಬೇರೆ ಬೇರೆ ಕಾಲದಲ್ಲಿ ಕಲ್ಲುಕುಟಿಗರಾದಂತೆ, ಬೇರೆ ಬೇರೆ ಬಳಗದ ಪ್ರಾಣಿಗಳು ಗಟ್ಟಿಯಾದ ಆಸರೆಯನ್ನು ಕಟ್ಟಲು ಕಲಿತವು.

ಕಡಲಹೂಗಳ ವರ್ಗೀಕರಣವು ಇನ್ನೂ ಕಷ್ಟದ ಕೆಲಸ. ಕಲ್ಲುಹವಳವು ಸತ್ತ ಮೇಲೂ ಅದರ ಕಲ್ಲು ಉಳಿಯುತ್ತದೆ. ಕಡಲಹೂ ಸತ್ತರೆ ಉಳಿಯುವುದೇನೂ ಇಲ್ಲ. ಬಣ್ಣವೂ ಗಾತ್ರವೂ ಒಂದೇ ಪ್ರಭೇದದಲ್ಲಿ ಬದಲಾಗುತ್ತವೆ. ಆದುದರಿಂದ ಒಳಪರದೆಗಳ ಜೋಡಣೆ, ಸ್ನಾಯುಗಳ ರಚನೆ, ಕುಟುಕುಕಣಗಳ ಬಗೆ ಮತ್ತು ಅಳತೆ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಣಯಿಸಬೇಕು. ಸ್ವೀಡನ್ನಿನ ಕಾರ್ಲ್‌ಗ್ರೆನ್ ೧೯೪೯ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಬಹುಕಾಲ ಇದಕ್ಕೆ ಆಧಾರಗ್ರಂಥವಾಗಿತ್ತು. ೨೦೧೪ರಲ್ಲಿ ರೊಡ್ರಿಗೆಜ್ ಮತ್ತು ಸಂಗಡಿಗರು ಡಿ.ಎನ್.ಎ. ಸಾಕ್ಷ್ಯವನ್ನು ಹಿಡಿದು ಗಣದ ಒಳವಿಭಾಗಗಳನ್ನು ಹೊಸದಾಗಿ ಏರ್ಪಡಿಸಿದರು.

ಕಲ್ಲುಹವಳಗಳಲ್ಲಿಯೂ ಇದೇ ನಡೆಯಿತು. ೨೦೦೪ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ಕೆಲವು ಹವಳಗಳು ಕಲ್ಲಿನ ಆಕಾರದಲ್ಲಿ ಒಂದೇ ಕುಟುಂಬದಂತೆ ಕಂಡರೂ ಹುಟ್ಟಿನಲ್ಲಿ ಬೇರೆಯೆಂದು ತೋರಿಸಿತು. ೨೦೨೨ರಲ್ಲಿ ಅಷ್ಟಕಗಳ ಪರಿಷ್ಕರಣ ನಡೆದು, ಅವುಗಳಿಗೆ ಸ್ವತಂತ್ರ ವರ್ಗದ ಸ್ಥಾನವೂ ಎರಡು ಹೊಸ ಗಣಗಳೂ ಏರ್ಪಟ್ಟವು. ಆಕಾರದ ಹೋಲಿಕೆಯು ರಕ್ತಸಂಬಂಧಕ್ಕೆ ಸಾಕಷ್ಟು ಪ್ರಮಾಣವಲ್ಲವೆಂಬುದೇ ಇವೆಲ್ಲದರ ತಾತ್ಪರ್ಯ.

೫

ಈಗ ನಮ್ಮ ಕರಾವಳಿಗೆ ಬರೋಣ. ಹವಳದ ದ್ವೀಪಗಳಿಗೂ ಕನ್ನಡ ಜಿಲ್ಲೆಗೂ ಇದ್ದ ಆಡಳಿತದ ನಂಟನ್ನು ಇಂದು ಅನೇಕರು ಮರೆತಿದ್ದಾರೆ. ಲಕ್ಷದ್ವೀಪ ಸಮೂಹದ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ದ್ವೀಪಗಳು ೧೮ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದುವು. ೧೭೯೯ರಲ್ಲಿ ಅವನ ಪತನದ ತರುವಾಯ ಇಂಗ್ಲಿಷರ ವಶವಾಗಿ ಮಂಗಳೂರಿನಿಂದ ಆಳಲ್ಪಟ್ಟುವು. ೧೯೫೬ನೆಯ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಬಂದಿತು. ಅದುವರೆಗೆ ಆ ಜಿಲ್ಲೆಯ ಭಾಗವಾಗಿದ್ದ ಈ ದ್ವೀಪಗಳು ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶದಲ್ಲಿ ಸೇರಿದುವು. ಅಲ್ಲಿನ ನೆಲವೇ ಕಲ್ಲುಹವಳದ ಕೆಲಸ. ಡಾರ್ವಿನ್ ೧೮೪೨ರಲ್ಲಿ ಹವಳದ ಬಂಧಗಳ ಕುರಿತು ಬರೆದ ಗ್ರಂಥದಲ್ಲಿ ಈ ದ್ವೀಪಮಾಲೆಯ ಪ್ರಸ್ತಾಪವಿದೆ. ೧೮೯೯-೧೯೦೦ರಲ್ಲಿ ಸ್ಟ್ಯಾನ್ಲಿ ಗಾರ್ಡಿನರ್ ಇಲ್ಲಿಯೂ ಮಾಲ್ಡೀವಿನಲ್ಲಿಯೂ ಸಂಶೋಧನ ಯಾತ್ರೆ ನಡೆಸಿದನು. ಸ್ವಾತಂತ್ರ್ಯಾನಂತರ ಸಿ. ಎಸ್. ಗೋಪಿನಾಥ ಪಿಳ್ಳೈಯವರು ಭಾರತದ ಹವಳಗಳ ವರ್ಗೀಕರಣಕ್ಕೆ ಭದ್ರವಾದ ತಳಹದಿ ಹಾಕಿದರು.

ಅಲ್ಲಿ ದ್ವೀಪಗಳನ್ನೇ ಕಟ್ಟಿದ ಹವಳವು ಮಂಗಳೂರಿನ ದಂಡೆಯಲ್ಲಿ ಏಕೆ ಕಟ್ಟಲಿಲ್ಲ? ಬಂಧ ಕಟ್ಟುವ ಕಲ್ಲುಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿಕಣಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಮನೆಯೊಡೆಯನಿಗೆ ಕೊಡುತ್ತವೆ. ಆದುದರಿಂದ ನೀರು ತಿಳಿಯಾಗಿರಬೇಕು, ಬೆಚ್ಚಗಿರಬೇಕು, ಸಾಕಷ್ಟು ಉಪ್ಪಾಗಿರಬೇಕು. ಮುಂಗಾರಿನಲ್ಲಿ ಘಟ್ಟದ ಹೊಳೆಗಳು ಕೆಸರುಗೂಡಿದ ಸಿಹಿನೀರನ್ನು ತಿಂಗಳುಗಟ್ಟಲೆ ಸುರಿಯುವ ತೀರದಲ್ಲಿ ಇವು ದೊರೆಯುವುದು ಕಷ್ಟ. ದಂಡೆಯಿಂದ ದೂರ ಹೋದಂತೆ ಹವಳವು ಕಾಣಿಸಿಕೊಳ್ಳುವ ರೀತಿ ಇದಕ್ಕೆ ಹೊಂದಿಕೊಳ್ಳುತ್ತದೆ. ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಬಂಡೆಗಳಿಗೆ ಅಂಟಿ ಬೆಳೆದ ಕಲ್ಲುಹವಳಗಳಿವೆ, ಲಕ್ಷದ್ವೀಪದಂಥ ಬಂಧವಿಲ್ಲ. ಮಲ್ಪೆಯಿಂದ ಸುಮಾರು ೧೦೦ ಕಿಲೋಮೀಟರ್ ಪಡುವಣಕ್ಕೆ, ಕಡಲಿನೊಳಗಿನ ದಿಬ್ಬವೊಂದರ ಮೇಲೆ ಜೀವಂತ ಹವಳಗಳಿರುವುದನ್ನು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಾಯರ್ ಮತ್ತು ಕಾಸಿಂ ಎಂಬ ವಿದ್ವಾಂಸರು ೧೯೭೮ರಲ್ಲಿ ಪ್ರಕಟಿಸಿದರು. ಆ ಸಂಸ್ಥೆಯ ನೌಕೆಯ ಹೆಸರಿನಿಂದ ಅದು 'ಗವೇಷಣಿ ದಿಬ್ಬ'ವೆನಿಸಿಕೊಂಡಿದೆ.

ಕಡಲಹೂಗಳಿಗೆ ಇಷ್ಟು ಕಟ್ಟುಪಾಡಿಲ್ಲ. ಸೋಮೇಶ್ವರ, ಮುರುಡೇಶ್ವರ, ಕಾರವಾರಗಳಂಥ ಕಲ್ಲುದಂಡೆಗಳಲ್ಲಿ ಇಳಿತದ ವೇಳೆ ಬಂಡೆಯ ಸಂದಿನ ನೀರಿನಲ್ಲಿ ಅವುಗಳನ್ನು ಹುಡುಕಬಹುದು. ಕೆಲವು ಪ್ರಭೇದಗಳು ಅಳಿವೆಯ ಅರೆಯುಪ್ಪಿನ ನೀರಿನಲ್ಲಿಯೂ ಬಾಳುತ್ತವೆ. ಚಿಲಿಕಾ ಸರೋವರದ ಇಂಥ ಪ್ರಾಣಿಗಳನ್ನು ಅನಂಡೇಲ್ ೨೦ನೆಯ ಶತಮಾನದ ಆರಂಭದಲ್ಲಿ ವರ್ಣಿಸಿದನು. ೧೯೩೦ರ ದಶಕದಲ್ಲಿ ಮದರಾಸಿನ ಅಳಿವೆಗಳ ಕಡಲಹೂಗಳನ್ನು ಅಭ್ಯಾಸಮಾಡಿದ ಎನ್. ಕೆ. ಪಣಿಕ್ಕರ್ ಅವರು ಮುಂದೆ ಅದೇ ಸಮುದ್ರವಿಜ್ಞಾನ ಸಂಸ್ಥೆಯ ಮೊದಲನೆಯ ನಿರ್ದೇಶಕರಾದರು. ನಮ್ಮ ನೇತ್ರಾವತಿ, ಶರಾವತಿ, ಕಾಳಿ ನದಿಗಳ ಅಳಿವೆಗಳಲ್ಲಿ ಹುಡುಕುವ ಕೆಲಸವು ಕರಾವಳಿಯ ಕಾಲೇಜುಗಳಿಗೆ ತಕ್ಕುದು. ಅದಕ್ಕೆ ಹಡಗು ಬೇಡ. ತಾಳ್ಮೆ ಮತ್ತು ಸೂಕ್ಷ್ಮದರ್ಶಕ ಸಾಕು.

೬

ಇಷ್ಟೆಲ್ಲ ಸೂಕ್ಷ್ಮವಾಗಿ ಹೆಸರಿಡುವುದರಿಂದ ಪ್ರಯೋಜನವೇನೆಂಬ ಪ್ರಶ್ನೆಗೆ ನಮ್ಮ ಕಾನೂನೇ ಉತ್ತರ ಹೇಳುತ್ತದೆ. ೨೦೦೧ರಲ್ಲಿ ಭಾರತ ಸರ್ಕಾರವು ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಬಂಧ ಕಟ್ಟುವ ಕಲ್ಲುಹವಳ, ಕರಿಹವಳ, ಕೊಳಲುಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವುಗಳನ್ನು ಸೇರಿಸಿತು. ಪಟ್ಟಿಯು ಪ್ರಭೇದಗಳನ್ನು ಒಂದೊಂದಾಗಿ ಎಣಿಸದೆ ಬಹುಮಟ್ಟಿಗೆ ಗುಂಪುಗಳನ್ನೇ ಹೆಸರಿಸಿತು. ಅಂದರೆ ಹಿಡಿದ ವಸ್ತು ಯಾವ ಗುಂಪಿನದೆಂದು ಹೇಳಬಲ್ಲವನು ಮಾತ್ರ ಅಪರಾಧವಾಯಿತೋ ಇಲ್ಲವೋ ಎಂದು ಹೇಳಬಲ್ಲನು. ಬಳಗದಲ್ಲಿ ಕಲ್ಲುಹವಳಕ್ಕೆ ಅಷ್ಟು ಹತ್ತಿರವಾದ ಕಡಲಹೂವಿನ ಹೆಸರು ಆ ಸೇರ್ಪಡೆಯಲ್ಲಿರಲಿಲ್ಲ. ಇನ್ನೊಂದೆಡೆ, ಕಡಲ ಬೀಸಣಿಗೆಗಳೆಲ್ಲ ಒಂದೇ ಬಳಗದವಲ್ಲವೆಂದು ೨೦೨೨ರ ಪರಿಷ್ಕರಣವು ಖಚಿತಪಡಿಸಿದೆ. ಶಾಸ್ತ್ರದ ಹೆಸರು ಬದಲಾದಾಗ ಕಾನೂನಿನ ಹೆಸರು ಹಿಂದೆ ಉಳಿಯುವ ಸಂಭವವಿದ್ದೇ ಇದೆ.

ವಿಷಯವು ಪುಸ್ತಕದ್ದಷ್ಟೇ ಆಗಿದ್ದರೆ ಅವಸರವಿರುತ್ತಿರಲಿಲ್ಲ. ನೀರು ಮಿತಿಮೀರಿ ಬೆಚ್ಚಗಾದರೆ ಕಲ್ಲುಹವಳವು ತನ್ನ ಪಾಚಿಕಣಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ತಾಪವು ಬೇಗ ಇಳಿಯದಿದ್ದರೆ ಸಾಯುತ್ತದೆ. ಪಾಚಿಯೊಡನೆ ಬಾಳುವ ಕಡಲಹೂಗಳೂ ಹೀಗೆಯೇ ಬಿಳಿಚುವುದುಂಟು. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಹವಳಗಳು ಬಹುವಾಗಿ ಬಿಳಿಚಿದುವು. ಎಲ್ಲ ಜಾತಿಗಳೂ ಒಂದೇ ಪ್ರಮಾಣದಲ್ಲಿ ಸಾಯುವುದಿಲ್ಲ. ಕವಲು ಕವಲಾದವು ಬೇಗ ಅಳಿದು, ಗುಂಡುಗುಂಡಾದವು ಹೆಚ್ಚು ತಾಳುವುದು ಸಾಮಾನ್ಯ. ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬ ಲೆಕ್ಕವನ್ನು ಹೆಸರುಗಳಿಲ್ಲದೆ ಬರೆಯಲಾಗದು. ಅಳಿದುಹೋದ ಒಂದು ಸಂಸ್ಥಾನದ ದಫ್ತರವನ್ನು ಅದು ಸುಟ್ಟುಹೋಗುವ ಮುನ್ನ ಪ್ರತಿಮಾಡಿಕೊಳ್ಳುವ ಕೆಲಸಕ್ಕೆ ಇದನ್ನು ಹೋಲಿಸಬಹುದು.

ಘಟ್ಟದ ಮೇಲಿನವರ ಪಾಲೂ ಇದರಲ್ಲಿದೆ. ೨೦೧೮ ಮತ್ತು ೨೦೨೪ರ ಮಳೆಗಾಲಗಳಲ್ಲಿ ದೋಣಿಗಲ್ಲಿನ ಕೆಳಗಿನ ಶಿರಾಡಿ ಘಟ್ಟದಲ್ಲಿ ಗುಡ್ಡಗಳು ಕುಸಿದು ದಾರಿ ಮುಚ್ಚಿದುದನ್ನು ಎಲ್ಲರೂ ಬಲ್ಲರು. ದಾರಿಯ ಮೇಲೆ ಬಿದ್ದ ಮಣ್ಣನ್ನು ಯಂತ್ರಗಳು ಎತ್ತಿದುವು. ಹೊಳೆಗೆ ಬಿದ್ದ ಮಣ್ಣು ಕಡಲ ಕಡೆಗೆ ನಡೆಯಿತು. ಗುಡ್ಡದ ಮಣ್ಣನ್ನು ಗುಡ್ಡದಲ್ಲಿಯೇ ಹಿಡಿದಿಡುವ ಕಾಡು, ಕಾಣದ ಕಡಲಿನ ತಿಳಿಯನ್ನೂ ಕಾಯುತ್ತದೆ. ನಮ್ಮ ಹಿರಿಯರು ಹವಳವನ್ನು ಚಿಗುರೆಂದರು, ರತ್ನವೆಂದರು. ಎರಡೂ ಶಾಸ್ತ್ರದ ಮಾತಿನಲ್ಲಿ ತಪ್ಪಾದುವು. ಆದರೆ ಅದು ಬೆಲೆಯುಳ್ಳದ್ದೆಂಬ ಅವರ ಎಣಿಕೆ ತಪ್ಪಾಗಿರಲಿಲ್ಲ. ಆ ಬೆಲೆ ಕೊರಳಿನ ಮಣಿಯದಷ್ಟೇ ಅಲ್ಲ, ಕಡಲಿನಲ್ಲಿ ಇನ್ನೂ ಬದುಕಿರುವ ಪ್ರಾಣಿಯದೆಂದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸುವುದು ಚರಿತ್ರೆ, ಪ್ರಾಣಿಶಾಸ್ತ್ರ ಎರಡೂ ವಿಭಾಗಗಳ ಅಧ್ಯಾಪಕರ ಕರ್ತವ್ಯ.